ರಾಕ್ ಬ್ಯಾಂಡಿನ ಗದ್ದುಗಿ ಎಲ್ಲಿ ಹೋತು?

ಪ್ರಶ್ನೆ: ಸರ, ನಾ ಬಾಗಲಕೋಟಿಯಾಗ ಇಂಜಿನಿಯರಿಂಗ್ ಓದಾಕತ್ತೀನಿ, ಕಾಲೇಜ್ ಬ್ಯಾಂಡಿನ್ಯಾಗ ಡ್ರಮ್ಸ್ ಬಾರಸ್ತೀನಿ. ನಮ್ಮ ಮಾಮಾ ಹಳೇ ರಾಕ್ ಹುಚ್ಚ. ಅವ್ರು ಅಂತಾರ, ನಿರ್ವಾನಾ ಆದ ಮ್ಯಾಲ ಜಗತ್ತ ಅಲುಗಾಡ್ಸೋ ಬ್ಯಾಂಡ್ ಹುಟ್ಟೇ ಇಲ್ಲ, ಈಗಿನ ಹುಡುಗೂರಾಗ ದಮ್ ಇಲ್ಲ, ರಾಕ್ ಸತ್ತು ಭಾಳ ದಿನ ಆತು ಅಂತ. ನಮ್ಮ ಬ್ಯಾಂಡಿನ ಗಿಟಾರ್ ಹುಡುಗ ಸ್ಲೀಪ್ ಟೋಕನ್ ಅನ್ನೋ ಹೊಸಾ ಬ್ಯಾಂಡ್ ನಂಬರ್ ಒನ್ ಆಗಿದ್ದ ತೋರಿಸಿ ಜಗಳಾ ತಗೀತಾನ. ಯಾರ ಮಾತು ಖರೇ? ಇನ್ನೊಂದು, ನಾವು ಇಂಗ್ಲಿಷ್ ಕವರ್, ಅಂದ್ರ ಬ್ಯಾರೆಯವ್ರ ಹಾಡು, ಬಾರಸ್ಕೋತ ಇರೂದ್ರಾಗ ಏನರ ಅರ್ಥ ಐತೇನ್ರಿ?

ಉತ್ತರ: ತಮ್ಮಾ, ಸೀದಾ ಹೇಳ್ತೀನಿ. ನಿಮ್ಮ ಮಾಮಾ ಹೇಳೂದು ಬಹುತೇಕ ಖರೇ, ಆದ್ರ ಅದಕ್ಕ ಅವ್ರು ಹಚ್ಚೋ ಕಾರಣ ಸುಳ್ಳು. ಚಲೋ ರಾಕ್ ಬ್ಯಾಂಡ್ ಈಗೂ ಹುಟ್ಟಾಕತ್ತಾವ, ಮೈದಾನ ತುಂಬಸೂ ಬ್ಯಾಂಡೂ ಅದಾವ, ಗಿಟಾರ್ ಮಾರಾಟಾನೂ ಬಿದ್ದಿಲ್ಲ. ಇಲ್ಲದ್ದು ಏನಪಾ ಅಂದ್ರ, ಒಂದಿಡೀ ಪೀಳಿಗಿಗೆ ಹೆಂಗ ಕೂದ್ಲಾ ಬಿಡಬೇಕು, ಎಂಥಾ ಅರಬಿ ಹಾಕಬೇಕು, ಅಪ್ಪನ ಜೋಡಿ ಯಾಕ ಜಗಳಾ ಆಡಬೇಕು ಅಂತ ಕಲಿಸಿಕೊಡೋ ಹೊಸಾ ಬ್ಯಾಂಡು. ಅಂಥಾದ್ದೊಂದು ಹುಟ್ಟಿ ಇಪ್ಪತ್ತು ವರ್ಷದ ಮ್ಯಾಲ ಆತು. ಹುಡುಗೂರ ದಮ್ಮಿಗೂ ಇದಕ್ಕೂ ಸಂಬಂಧ ಇಲ್ಲ, ಹಾಡು ಮಂದಿಗೆ ಮುಟ್ಟೂ ದಾರಿನ ಬ್ಯಾರೆ ಆಗೇತಿ.

ಮೊದ್ಲ ಅಳತಿಗೋಲು ಗಟ್ಟಿ ಮಾಡ್ಕೊಳ್ಳೋಣು, ಇಲ್ಲಂದ್ರ ನೀವು ಮೂರೂ ಮಂದಿ ಮೂರು ಬ್ಯಾರೆ ಮಾತಿಗೆ ಜಗಳಾ ಆಡ್ಕೋತ ಕೂಡ್ತೀರಿ. ದೊಡ್ಡ ಬ್ಯಾಂಡ್ ಬ್ಯಾರೆ, ಗದ್ದುಗಿ ಏರಿದ ಬ್ಯಾಂಡ್ ಬ್ಯಾರೆ. ನಾ ಎರಡು ಪ್ರಶ್ನೆ ಕೇಳ್ತೀನಿ. ರಾಕ್ ಕೇಳದ ಮನಷ್ಯಾಗೂ ಆ ಬ್ಯಾಂಡ್ ಗೊತ್ತೈತೇನು, ಮತ್ತ ಹಾಡಷ್ಟ ಅಲ್ದ ಅದ್ರಾಗಿನ ಮಂದಿ ಹೆಸರೂ ಗೊತ್ತೈತೇನು. ಬೀಟಲ್ಸ್ ತಗೋ. 1964ರ ಫೆಬ್ರವರಿ 9ಕ್ಕ ಅವ್ರು ಅಮೆರಿಕದ ಎಡ್ ಸಲಿವನ್ ಶೋದಾಗ ಬಾರ್ಸಿದಾಗ ಸುಮಾರು 7.3 ಕೋಟಿ ಮಂದಿ ಟಿವಿ ಮುಂದ ಕುಂತಿದ್ರು, ಆಗ ಆ ದೇಶದ ಜನಸಂಖ್ಯೆನ 19 ಕೋಟಿ ಆಸುಪಾಸು ಇತ್ತು. ಎರಡು ತಿಂಗ್ಳಾಗೂದ್ರಾಗ, ಏಪ್ರಿಲ್ 4ರ ಬಿಲ್‌ಬೋರ್ಡ್ (ಅಮೆರಿಕದ ಸಂಗೀತ ಪತ್ರಿಕೆ) ಪಟ್ಟಿಯಾಗ ಒಂದರಿಂದ ಐದರ ಮಟ ಐದೂ ಹಾಡು ಅವ್ರದ್ದ. ಜಾನ್, ಪಾಲ್, ಜಾರ್ಜ್, ರಿಂಗೊ ಅಂತ ನಾಕೂ ಹೆಸರು ಪಟಪಟ ಹೇಳೋ ಮಂದಿ ಈಗೂ ಸಿಗ್ತಾರ, ಅದ್ರಾಗ ಅರ್ಧಾ ಮಂದಿ ಅವ್ರ ಒಂದು ಅಲ್ಬಮ್ಮೂ ಪೂರಾ ಕೇಳಿರೂದಿಲ್ಲ. ಗದ್ದುಗಿ ಅಂದ್ರ ಇದು.

ಈಗ ಅದ ಪರೀಕ್ಷೆ ಇಮ್ಯಾಜಿನ್ ಡ್ರ್ಯಾಗನ್ಸ್‌ಗೆ ಹಚ್ಚು. ಅವ್ರ ರೇಡಿಯೋಆಕ್ಟಿವ್ ಹಾಡು ಬಿಲ್‌ಬೋರ್ಡ್ ಹಾಟ್ 100ರಾಗ 87 ವಾರ ಕುಂತಿತ್ತು, ಆವಾಗ ಅದು ದಾಖಲೆ. ಬಿಲೀವರ್ ಹಾಡಂತೂ ನಮ್ಮ ಬೆಳಗಾವಿ ಟಿಳಕವಾಡಿಯ ಯಾವ ಜಿಮ್ಮಿಗೆ ಹೋದ್ರೂ ಕೇಳ್ತೈತಿ. ಆದ್ರ ಅವ್ರ ಗಿಟಾರ್ ಬಾರ್ಸಾಂವ ಯಾರು ಅಂತ ಆ ಜಿಮ್ಮಿನ್ಯಾಗ ಕೇಳಿ ನೋಡು, ಡಂಬೆಲ್ ಎತ್ತೂದು ಬಿಟ್ಟು ನಿನ್ನ ಮಾರಿ ನೋಡ್ತಾರ. ಹಾಡು ಮುಟ್ಟೇತಿ, ಬ್ಯಾಂಡ್ ಮುಟ್ಟಿಲ್ಲ. ಇದಕ್ಕಿಂತ ಮಜಾ ಇರೂದು ವೈಟ್ ಸ್ಟ್ರೈಪ್ಸ್ ಬ್ಯಾಂಡಿನ ಕತಿ. ಅವ್ರ 2003ರ ಸೆವೆನ್ ನೇಷನ್ ಆರ್ಮಿ ಹಾಡಿನ ರಿಫ್ (ತಿರುವಿ ತಿರುವಿ ಬರೂ ಗಿಟಾರ್ ತುಣುಕು) ಐತೆಲ್ಲ, ಅದನ್ನ ಅದ ವರ್ಷ ಬೆಲ್ಜಿಯಮ್‌ನ ಕ್ಲಬ್ ಬ್ರೂಜ್ ಫುಟ್ಬಾಲ್ ಅಭಿಮಾನಿಗಳು ಒದರಾಕ ಸುರು ಮಾಡಿದ್ರು, 2006ರ ವರ್ಲ್ಡ್ ಕಪ್‌ದಾಗ ಇಟಲಿ ಮಂದಿ ಹಿಡ್ಕೊಂಡ್ರು, ಈಗ ಜಗತ್ತಿನ ಎಲ್ಲಾ ಸ್ಟೇಡಿಯಮ್ಮಿನ್ಯಾಗೂ ಅದ ಗದ್ಲ. ಈ ಶತಮಾನದಾಗ ಅದಕ್ಕಿಂತ ದೊಡ್ಡ ರಾಕ್ ರಿಫ್ ಹುಟ್ಟಿಲ್ಲ ಅಂತ ನನ್ನ ಲೆಕ್ಕ. ಒದರೋ ಮಂದಿಯಾಗ ನೂರಕ್ಕ ತೊಂಬತ್ತು ಜನಕ್ಕ ಅದು ಒಂದು ಹಾಡಿಂದು ಅನ್ನೂದೂ ಗೊತ್ತಿರ್ಲಿಕ್ಕಿಲ್ಲ.

ಇದಕ್ಕ ತದ್ವಿರುದ್ಧ ನೋಡಬೇಕಂದ್ರ ಇಲ್ಲಿಯ ಖಡೇ ಬಜಾರಕ್ಕ ಹೋಗು. ಹಳದಿ ಮಾರಿ, ಕಣ್ಣಿನ ಜಾಗಾದಾಗ ಎಕ್ಸ್ ಇರೋ ನಿರ್ವಾನಾ ಟೀ ಶರ್ಟ್ ತೂಗ್ಹಾಕಿರ್ತಾರ. ಹಾಕ್ಕೊಳ್ಳೋ ಹುಡುಗಿಗೆ ಬ್ಯಾಂಡ್ ಹೆಸರು ಗೊತ್ತು, ಹಾಡು ಗೊತ್ತಿಲ್ಲ. 1994ರಾಗ ಅದರ ಹಾಡುಗಾರ ಕರ್ಟ್ ಕೊಬೇನ್ ತೀರಿಕೊಂಡ ಅಲ್ಲಿಗೆ ಆ ಬ್ಯಾಂಡ್ ಮುಗೀತು, ಆದ್ರೂ ಗದ್ದುಗಿ ಬಿಟ್ಟಿಲ್ಲ. ಹೊಸಾ ಬ್ಯಾಂಡಿನ ಹಾಡಷ್ಟ ಗೊತ್ತಿರ್ತೈತಿ, ಹಳೇ ಬ್ಯಾಂಡಿನ ಅರಬಿ ಅಷ್ಟ.

ಈಗ ದಾರಿ ಮಾತಿಗೆ ಬರೋಣು. ಆವಾಗ ಹಾಡು ಬರೂ ದಾರಿ ಬೆರಳೆಣಿಕಿ ಇದ್ವು. ಅಮೆರಿಕದಾಗ ಮೂರು ದೊಡ್ಡ ಟಿವಿ ಚಾನೆಲ್, ಊರಿಗೆ ನಾಕು ರೇಡಿಯೋ, ಆಮ್ಯಾಲ 1981ರ ಆಗಸ್ಟ್ 1ಕ್ಕ ಹಾಡಿನ ವಿಡಿಯೋ ಹಾಕೋ ಎಂಟಿವಿ ಚಾನೆಲ್. ಊರಿಗೆ ಒಂದ ಬಾವಿ ಇದ್ದಂಗ, ಇಷ್ಟ ಇರ್ಲಿ ಬಿಡ್ಲಿ ಎಲ್ಲಾರೂ ಅಲ್ಲೇ ಬರಬೇಕು, ಅಲ್ಲೇ ನಿಂತು ಅದ ಮಾತು ಕೇಳಬೇಕು. ಈಗ ಮನಿಗೊಂದು ಬೋರ್ ಹೊಡಿಸ್ಯಾರ. ನಿರ್ವಾನಾದ ನೆವರ್‌ಮೈಂಡ್ ಅಲ್ಬಮ್ 1991ರ ಸೆಪ್ಟೆಂಬರ್ 24ಕ್ಕ ಬಂದಾಗ ಕಂಪನಿಯವ್ರು ಅಮೆರಿಕಾದ ಅಂಗಡಿಗೆ ಕಳಿಸಿದ್ದು ಬರೇ 46 ಸಾವಿರ ಚಿಲ್ರೆ ಕಾಪಿ, ಅಂದ್ರ ಅವ್ರಿಗೂ ಅಂಥಾ ಆಸೆ ಇರಲಿಲ್ಲ. ಎಂಟಿವಿ ಅದ್ರಾಗಿನ ಒಂದು ಹಾಡಿನ ವಿಡಿಯೋ ಹಿಡ್ಕೊಂಡು ದಿನಾ ತಿರುವಿ ತಿರುವಿ ಹಾಕ್ತು, 1992ರ ಜನವರಿ ಬರೂದ್ರಾಗ ಮೈಕೆಲ್ ಜಾಕ್ಸನ್‌ನ ಡೇಂಜರಸ್ ಅಲ್ಬಮ್ ಕೆಳಗಿಳಿಸಿ ಅದು ನಂಬರ್ ಒನ್. ಹಾಡು ಚಲೋನ ಇತ್ತು, ನಾ ಇಲ್ಲ ಅನ್ನಂಗಿಲ್ಲ, ಆದ್ರ ಅದ ಹಾಡು ಈಗ ಬಂದಿದ್ರ ಒಂದು ಪ್ಲೇಲಿಸ್ಟಿನ್ಯಾಗ ಹದಿನೇಳನೇ ಹಾಡಾಗಿ ಕುಂದರ್ತಿತ್ತು.

ಇನ್ನೊಂದು ಮಾತು ಐತಿ, ಇದನ್ನ ರಾಕ್ ಅಭಿಮಾನಿಗಳು ಹೇಳೂದಿಲ್ಲ. ರಾಕ್‌ನ ಗದ್ದುಗಿಯಾಗ ಒಂದು ಪಾಲು ಲೆಕ್ಕದ ಆಟ ಇತ್ತು. 1991ರ ಮೇ ತನಕ ಬಿಲ್‌ಬೋರ್ಡ್‌ನ ಅಲ್ಬಮ್ ಪಟ್ಟಿ ಆಗ್ತಿದ್ದದ್ದು ಹೆಂಗ ಅಂದ್ರ, ಅಂಗಡಿಯವ್ರಿಗೆ ಫೋನ್ ಹಚ್ಚಿ ಈ ವಾರ ಏನ್ ಭಾಳ ಹೋತ್ರಿ ಅಂತ ಕೇಳೂದು, ಅವ್ರು ಬಾಯಿಗೆ ಬಂದಿದ್ದ ಹೇಳೂದು. ಆಮ್ಯಾಲ ಸೌಂಡ್‌ಸ್ಕ್ಯಾನ್ ಅಂತ ಬಂತು, ಬಿಲ್ಲಿನ ಮಷಿನ್ ಮ್ಯಾಲಿನ ಬಾರ್‌ಕೋಡ್ ನೋಡಿ ಎಣಸಾಕ ಸುರು ಮಾಡಿದ್ರು. ಜೂನ್ ತಿಂಗ್ಳದಾಗ ಎನ್.ಡಬ್ಲ್ಯೂ.ಎ. ಅನ್ನೋ ರ‍್ಯಾಪ್ ಗುಂಪಿನ ಅಲ್ಬಮ್ ನಂಬರ್ ಒನ್! ರೇಡಿಯೋದಾಗ ಅವ್ರ ಹಾಡು ಹಾಕಾಕ ಅಂಜ್ತಿದ್ರು, ಆದ್ರ ಮಂದಿ ಗಪ್‌ಚಿಪ್ ಕೊಂಡ್ಕೊಂಡು ಹೋಗ್ತಿದ್ರು, ಎಣಿಸಾವ್ರು ಇರಲಿಲ್ಲ ಅಷ್ಟ. ಈ ರ‍್ಯಾಪ್‌ನ ತವರು ಹಿಪ್‌ಹಾಪ್ ಹುಟ್ಟಿದ್ದು ಅಂತ ಹೇಳೂ ದಿನ 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್‌ದಾಗ ಡಿಜೆ ಕೂಲ್ ಹರ್ಕ್ ಮಾಡಿದ ಪಾರ್ಟಿ. ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ಡಾರ್ಕ್ ಸೈಡ್ ಆಫ್ ದಿ ಮೂನ್ ಅಲ್ಬಮ್ ಬಂದಿದ್ದೂ ಅದ ವರ್ಷ, ಮಾರ್ಚಿನ್ಯಾಗ. ಅಂದ್ರ ರಾಕ್ ಭರ್ತಿ ಜೋರಿನ್ಯಾಗ ಇದ್ದಾಗ ಬಾಜೂಕ ಅದರ ವಾರಸದಾರ ಹುಟ್ಟಿ ಆಡಾಕತ್ತಿದ್ದ. 2017ರಾಗ ಮಾರಾಟ ಎಣಿಸೋ ನೀಲ್ಸನ್ ಕಂಪನಿ ಲೆಕ್ಕದಾಗ ಅಮೆರಿಕದಾಗ ಹಿಪ್‌ಹಾಪ್ ಮತ್ತ ಆರ್ ಅಂಡ್ ಬಿ ಸೇರಿ ಮೊದಲ ಸಲ ರಾಕ್‌ನ ದಾಟಿದ್ವು. ನಲವತ್ನಾಕು ವರ್ಷ ಹಿಡೀತು, ಒಮ್ಮಿಂದೊಮ್ಮೆಲೇ ಆಗಿದ್ದಲ್ಲ.

ರಾಕ್ ತನ್ನ ಕಾಲ ಮ್ಯಾಲ ತಾನೂ ಕಲ್ಲು ಹಾಕ್ಕೊಂಡಿತು ಅನ್ರಿ. 1996ರಾಗ ಅಮೆರಿಕ ಒಂದು ಹೊಸಾ ಕಾಯ್ದೆ ತಂದು, ಒಬ್ಬ ಮಾಲೀಕ ಎಷ್ಟು ರೇಡಿಯೋ ಸ್ಟೇಷನ್ ಇಟ್ಕೋಬಹುದು ಅನ್ನೋ ದೇಶದ ಮಟ್ಟದ ಮಿತಿ ತಗದು ಹಾಕ್ತು, ಕ್ಲಿಯರ್ ಚಾನೆಲ್ ಅನ್ನೋ ಒಂದ ಕಂಪನಿ ಕೈಯಾಗ ಸಾವಿರದ ಮ್ಯಾಲ ಸ್ಟೇಷನ್ ಬಂದ್ವು. ಅವ್ರು ಕ್ಲಾಸಿಕ್ ರಾಕ್ ಒಂದು ಸ್ಟೇಷನ್, ಆಲ್ಟರ್ನೇಟಿವ್ ಒಂದು, ಜೋರಿನ ರಾಕ್ ಒಂದು ಅಂತ ಖಾನೆ ಮಾಡಿ ಕುಂದರಿಸಿದ್ರು. ಅಪ್ಪ ಕೇಳೋದು ಮಗಾ ಕೇಳ್ತಿರಲಿಲ್ಲ, ಮಗಾ ಕೇಳೋದು ಅಕ್ಕಾ ಕೇಳ್ತಿರಲಿಲ್ಲ. 1999ರಾಗ ಇಂಟರ್ನೆಟ್ಟಿನ್ಯಾಗ ಹಾಡು ಹಂಚ್ಕೊಳ್ಳೋ ನ್ಯಾಪ್‌ಸ್ಟರ್ ಬಂದು ಹಾಡು ಪುಕ್ಕಟ ಆತು, 2000ದಾಗ ಮೆಟಾಲಿಕಾ ಬ್ಯಾಂಡ್ ಅವ್ರ ಮ್ಯಾಲ ಕೇಸ್ ಹಾಕ್ತು, ಕೇಸೂ ಗೆದ್ದಂಗ ಆತು, ಹುಡುಗೂರ ಕಡಿಂದ ಬೈಗಳಾನೂ ಸಿಕ್ಕವು. ಅದ ವರ್ಷ ಬಂದ ಲಿಂಕಿನ್ ಪಾರ್ಕ್‌ನ ಹೈಬ್ರಿಡ್ ಥಿಯರಿ, ಮತ್ತ ಕೋಲ್ಡ್‌ಪ್ಲೇದ ಮೊದಲ ಅಲ್ಬಮ್, ಇವೆರಡೂ ನನ್ನ ಪ್ರಕಾರ ಹಳೇ ದಾರಿ ಮುಚ್ಚೂಕಿಂತ ಮೊದ್ಲ ದಾಟಿದ ಕಡೀ ಗಾಡಿಗಳು. ಆರ್ಕ್ಟಿಕ್ ಮಂಕೀಸ್ 2006ರಾಗ ಬ್ರಿಟನ್ ಅಲುಗಾಡಿಸಿದ್ದು ಖರೇ, ಅವ್ರನ್ನ ಈ ಸಾಲಿನ್ಯಾಗ ಸೇರಸಬೇಕು ಅಂತ ನಿಮ್ಮ ಮಾಮಾ ಹಠಾ ಹಿಡದ್ರ ನಾ ಜಗಳಾ ಆಡಂಗಿಲ್ಲ.

ಇನ್ನ ಬ್ಯಾಂಡ್ ಅನ್ನೋ ಸಂಸಾರದ ಖರ್ಚು. ಇದು ನನ್ನ ಹೊಟ್ಟಿಪಾಡಿನ ವಿಷಯ, ಸ್ವಲ್ಪ ಉದ್ದ ಆಗ್ತೈತಿ ತಡಕೋ. ನಾ ಬೆಳಗಾವ್ಯಾಗ ಸ್ಟೇಜ್ ಸೌಂಡ್ ಮಾಡಾಂವ, ಸಂಜೀಮುಂದ ಗಿಟಾರ್ ಕಲಸ್ತೀನಿ. ಕಾಲೇಜ್ ಫೆಸ್ಟಿಗೆ ಐದು ಮಂದಿ ಬ್ಯಾಂಡ್ ಬಂತಂದ್ರ ಡ್ರಮ್ಸಿನ್ಯಾಗ ಕಿಕ್‌ಗೆ ಒಂದು ಮೈಕು, ಸ್ನೇರ್‌ಗೆ ಒಂದು, ಟಾಮ್‌ಗೆ ಎರಡು ಮೂರು, ಮ್ಯಾಲ ಎರಡು ತೂಗಬೇಕು, ಎರಡು ಗಿಟಾರ್ ಆಂಪು, ಬಾಸ್, ಕೀಬೋರ್ಡ್ ಇದ್ರ ಅದು, ಹಾಡಾವ್ರು ಇಬ್ರೋ ಮೂವ್ರೋ, ಅಲ್ಲಿಗೆ ಮಿಕ್ಸರ್‌ನ್ಯಾಗ ಹದಿನಾಕರ ಮಟ ಚಾನೆಲ್ ಹೋದ್ವು. ಆಮ್ಯಾಲ ಮಾನಿಟರ್ (ಬಾರಸಾವ್ರಿಗೆ ತಮ್ಮ ದನಿ ಕೇಳಸೂ ಸ್ಪೀಕರ್) ಜಗಳಾ: ನಂದು ಕೇಳವಲ್ದು, ಅವಂದು ಭಾಳ ಕೇಳ್ತೈತಿ. ಸೌಂಡ್ ಚೆಕ್ ಅಂತ ಒಂದು ತಾಸು. ಅದ ಡಿಜೆ ಬಂದ್ರ ಒಂದು ಲ್ಯಾಪ್‌ಟಾಪ್, ಎರಡು ಕೇಬಲ್, ಐದು ನಿಮಿಷ. ಸಂಘಟಕ ಹುಡುಗ ಯಾರನ್ನ ಕರೀತಾನ ಹೇಳು? ರೊಕ್ಕ ಅಷ್ಟ, ಅದನ್ನ ಐದು ಪಾಲು ಮಾಡಬೇಕು, ಬಾಸ್ ಬಾರಸಾಂವ ಸಿಗೂದ ಇಲ್ಲ, ಸಿಕ್ಕ್ರ ಮುಂದಿನ ಸೆಮಿಸ್ಟರಿಗೆ ಅವಂಗ ಪುಣೆಯಾಗ ಕೆಲಸ ಹತ್ತಿರ್ತೈತಿ.

ಇದ ಲೆಕ್ಕಾ ಲಾಸ್ ಏಂಜಲಿಸ್‌ದಾಗೂ ಐತಿ, ಸೊನ್ನೆ ಭಾಳ ಇರ್ತಾವ ಅಷ್ಟ. ಬಿಲಿ ಐಲಿಶ್ ಮತ್ತ ಅವಳ ಅಣ್ಣ ಫಿನಿಯಾಸ್ ಮನಿ ಮಲಗೂ ಖೋಲ್ಯಾಗ ಕುಂತು 2019ರ ಅಲ್ಬಮ್ ಮಾಡಿದ್ರು, 2020ರ ಗ್ರ್ಯಾಮಿಯಾಗ ನಾಕು ದೊಡ್ಡ ಪ್ರಶಸ್ತಿನೂ ಬಾಚ್ಕೊಂಡು ಹೋದ್ರು. ಮಲಗೂ ಖೋಲ್ಯಾಗ ಡ್ರಮ್ ಕಿಟ್ ರೆಕಾರ್ಡ್ ಮಾಡು ನೋಡೋಣು, ಬಾಜೂ ಮನಿ ಕಾಕಾ ಪೊಲೀಸರ್ನ ಕರೀತಾರ. ಮತ್ತ ಈಗ ಹಾಡು ಮಾರೂದು ರೀಲಿನ್ಯಾಗ, ರೀಲಿಗೆ ಒಂದ ಮಾರಿ ಸಾಕು, ಐದು ಮಾರಿ ಹಿಡ್ಸಂಗಿಲ್ಲ. ಹಿಂಗಾಗಿ ರಾಕ್ ಧ್ವನಿ ಸತ್ತಿಲ್ಲ, ಅದು ಸೋಲೋ ಮಂದಿ ಕೈಗೆ ಹೋಗೇತಿ. ಒಲಿವಿಯಾ ರೊಡ್ರಿಗೊಂದು 2021ರ ಗುಡ್ ಫೋರ್ ಯು ಕೇಳು, ಸ್ವಚ್ಛ ಪಾಪ್ ಪಂಕ್, ನಂಬರ್ ಒನ್ ಆತು, ಆದ್ರ ಪೋಸ್ಟರಿನ್ಯಾಗ ಒಬ್ಬಾಕಿನ. 2018ರ ಮೇದಾಗ ಗಿಬ್ಸನ್ ಗಿಟಾರ್ ಕಂಪನಿ ದಿವಾಳಿ ಅರ್ಜಿ ಹಾಕಿದಾಗ ಗಿಟಾರ್ ಸತ್ತೇ ಹೋತು ಅಂತ ಎಲ್ಲಾ ಕಡೆ ಬರದ್ರು, ಎರಡು ವರ್ಷಕ್ಕ ಲಾಕ್‌ಡೌನ್ ಒಳಗ ಫೆಂಡರ್ ತನ್ನ ಇತಿಹಾಸದಾಗ ಅತೀ ಹೆಚ್ಚು ಮಾರಾಟ ಮಾಡ್ತು. ಗಿಟಾರ್ ಕೊಂಡಾವ್ರು ಭಾಳ, ಬ್ಯಾಂಡ್ ಕಟ್ಟಾವ್ರು ಕಡಿಮಿ.

ಸತ್ತಾವ್ರ ಜೋಡಿ ಪೈಪೋಟಿ ಇನ್ನೊಂದು ಕಡೆ. ಹಿಂದ ಕ್ಯಾಸೆಟ್ ಅಂಗಡ್ಯಾಗ ಜಾಗಾ ಕಡಿಮಿ, ಹೊಸಾದು ಬಂದ್ರ ಹಳೇದು ಹಿಂದ ಹೋಗ್ತಿತ್ತು. ಈಗ ಹೊಸಾ ಹುಡುಗೂರ ಹಾಡು ಮತ್ತ 1973ರ ಪಿಂಕ್ ಫ್ಲಾಯ್ಡ್ ಒಂದ ಫೋನಿನ್ಯಾಗ, ಒಂದ ರೇಟಿನ್ಯಾಗ, ಬಾಜೂಬಾಜೂಕ. ಅಮೆರಿಕದಾಗ 2021ರ ಲೆಕ್ಕದಾಗ ಮಂದಿ ಕೇಳಿದ್ರಾಗ ಸುಮಾರು ಶೇ. 70 ಪಾಲು ಹದಿನೆಂಟು ತಿಂಗ್ಳಕಿಂತ ಹಳೇ ಹಾಡು. 2020ರಾಗ ಫ್ಲೀಟ್‌ವುಡ್ ಮ್ಯಾಕ್‌ನ 1977ರ ಡ್ರೀಮ್ಸ್ ಹಾಡು ಒಂದು ಟಿಕ್‌ಟಾಕ್ ವಿಡಿಯೋದಿಂದ ಮತ್ತ ಪಟ್ಟಿಗೆ ಬಂತು, 2022ರಾಗ ಸ್ಟ್ರೇಂಜರ್ ಥಿಂಗ್ಸ್ ಅನ್ನೋ ಸೀರಿಯಲ್ ನೋಡಿದ ಹುಡುಗೂರು ಮೆಟಾಲಿಕಾದ 1986ರ ಮಾಸ್ಟರ್ ಆಫ್ ಪಪೆಟ್ಸ್ ಹುಡುಕ್ಕೋತ ಬಂದ್ರು. ಇಟಲಿಯ ಮೊನೆಸ್ಕಿನ್ ಬ್ಯಾಂಡ್ 2021ರಾಗ ಯುರೋವಿಷನ್ ಹಾಡಿನ ಸ್ಪರ್ಧೆ ಗೆದ್ದಾಗ ಬಂತಪಾ ಹೊಸಾ ರಾಕ್ ಅಂತ ನಾನೂ ಕಿವಿ ನೆಟ್ಟಗ ಮಾಡಿದೆ. ಅವ್ರದ್ದು ಜಗತ್ತೆಲ್ಲಾ ತಿರಗಿದ ಹಾಡು ಯಾವುದು? ಬೆಗ್ಗಿನ್. ಅದು 1967ರ ಫೋರ್ ಸೀಸನ್ಸ್ ಹಾಡು.

ಈಗ ನಿಮ್ಮ ಗಿಟಾರ್ ಹುಡುಗನ ಸ್ಲೀಪ್ ಟೋಕನ್. ಅಂವ ಹೇಳೂದು ಸುಳ್ಳಲ್ಲ, 2025ರ ಮೇದಾಗ ಅವ್ರ ಈವನ್ ಇನ್ ಆರ್ಕೇಡಿಯಾ ಅಲ್ಬಮ್ ಬಿಲ್‌ಬೋರ್ಡ್ 200 ಅಲ್ಬಮ್ ಪಟ್ಟಿಯಾಗ ನಂಬರ್ ಒನ್ ಆತು, ಅದಕ್ಕಿಂತ ಸ್ವಲ್ಪ ಮೊದ್ಲ ಸ್ವೀಡನ್ನಿನ ಗೋಸ್ಟ್ ಬ್ಯಾಂಡಿನ ಅಲ್ಬಮ್ಮೂ ಆಗಿತ್ತು. ಎರಡೂ ಚಲೋ ಅದಾವ, ಸ್ಲೀಪ್ ಟೋಕನ್‌ನ ಡ್ರಮ್ಮರ್ ಕೈ ನೋಡಿ ಕಲಿ ಅಂತ ನಾನ ನಿನಗ ಹೇಳ್ತೀನಿ. ಆದ್ರ ನಂಬರ್ ಒನ್ ಅನ್ನೋ ಮಾತಿನ ತೂಕ ಮೊದಲಿನಂಗಿಲ್ಲ. 2014ರ ಡಿಸೆಂಬರ್‌ದಾಗ ಈ ಪಟ್ಟಿಗೆ ಸ್ಟ್ರೀಮ್ ಸೇರಿಸಿದಾಗ 1500 ಸ್ಟ್ರೀಮ್ ಕೂಡಿದ್ರ ಒಂದು ಅಲ್ಬಮ್ ಅಂತ ಲೆಕ್ಕ ಮಾಡಿದ್ರು, ಅದರ ಮ್ಯಾಲ ಗಟ್ಟಿ ಅಭಿಮಾನಿಗಳು ಮೊದಲ ವಾರದಾಗ ಎಲ್‌ಪಿ ಪ್ಲೇಟ್ ಕೊಂಡ್ರಂದ್ರ ಪಟ್ಟಿ ಮ್ಯಾಲ ಏರಾಕ ಸಾಕು. ಅಂದ್ರ ಭಕ್ತರು ಎಷ್ಟು ಗಟ್ಟಿ ಅದಾರ ಅನ್ನೂದು ಅದ್ರಾಗ ತಿಳೀತೈತಿ, ಊರ ಮಂದಿಗೆ ಗೊತ್ತೈತೋ ಇಲ್ಲೋ ಅನ್ನೂದು ತಿಳಿಯಂಗಿಲ್ಲ. ಮತ್ತ ನನ್ನ ಎರಡನೇ ಪರೀಕ್ಷೆ ನೆನಪೈತಲ್ಲ, ಮಂದಿ ಹೆಸರು? ಸ್ಲೀಪ್ ಟೋಕನ್‌ನವ್ರು ಮುಖವಾಡ ಹಾಕ್ಕೊಂಡು ಹೆಸರ ಹೇಳಂಗಿಲ್ಲ, ಹಾಡಾಂವ ಬರೇ ವೆಸೆಲ್. ಗೋಸ್ಟ್‌ನ್ಯಾಗ ಹಾಡಾಂವನ್ನ ಬಿಟ್ರ ಉಳದಾವ್ರು ಮುಖವಾಡದ ಮಂದಿನ. ಈ ಕಾಲದಾಗ ಮ್ಯಾಲ ಬಂದ ಎರಡು ಬ್ಯಾಂಡೂ ಮಾರಿ ಮುಚ್ಕೊಂಡ ಬಂದಾವ ಅನ್ನೂದು ನನಗ ಭಾಳ ವಿಚಾರಕ್ಕ ಹಚ್ಚೇತಿ. ರೀಲಿಗೆ ಒಂದು ಮಾರಿ ಬೇಕು ಅಂದ್ರ, ಇವ್ರು ಮಾರಿನ ಕೊಡಂಗಿಲ್ಲ ಅಂದ್ರು, ಅದಕ್ಕ ಮಂದಿ ತಿರುಗಿ ನೋಡಿದ್ರೇನೋ.

ಮೈದಾನ ತುಂಬೂದನ್ನ ನೋಡಿ ಮರುಳಾಗಬ್ಯಾಡ. ಕೋಲ್ಡ್‌ಪ್ಲೇ 2025ರ ಜನವರಿ 25, 26ಕ್ಕ ಅಹ್ಮದಾಬಾದಿನ ಮೋದಿ ಸ್ಟೇಡಿಯಮ್ಮಿನ್ಯಾಗ ದಿನಕ್ಕ ಲಕ್ಷದ ಮ್ಯಾಲ ಮಂದಿ ಸೇರಿಸಿತು, ಅದಕ್ಕ ಮೊದ್ಲ ನವಿ ಮುಂಬೈದಾಗ ಮೂರು ಶೋ. ನಮ್ಮ ಬೆಳಗಾವಿ ಹುಡುಗೂರೂ ಹೋಗಿದ್ರು, ಇಲ್ಲಿಂದ ಮುಂಬೈ ಒಂದು ರಾತ್ರಿ ಬಸ್ಸಿನ ದಾರಿ ಅಲ್ಲೇನು. ಓಯೇಸಿಸ್ ಬ್ಯಾಂಡಿನ ಅಣ್ಣತಮ್ಮ ಹದಿನಾರು ವರ್ಷದ ಮುನಿಸು ಬಿಟ್ಟು 2025ರ ಜುಲೈ 4ಕ್ಕ ಕಾರ್ಡಿಫ್‌ದಾಗ ಸ್ಟೇಜ್ ಏರಿದ್ರು, ಮರುದಿನಾನ ಬರ್ಮಿಂಗ್‌ಹ್ಯಾಮಿನ್ಯಾಗ ಬ್ಲ್ಯಾಕ್ ಸಬ್ಬತ್‌ನ ಕಡೀ ಶೋ, ಜುಲೈ 22ಕ್ಕ ಅದರ ಹಾಡುಗಾರ ಓಝಿ ಆಸ್ಬರ್ನ್ ತೀರ್ಕೊಂಡ. ಜಗತ್ತೆಲ್ಲಾ ರಾಕ್ ಮಾತಾಡಿದ ತಿಂಗ್ಳದು. ಆದ್ರ ಮಾತಾಡಿದ್ದು ಯಾರ ಬಗ್ಗೆ ನೋಡು, ಐವತ್ತು ದಾಟಿದಾವ್ರು ಮತ್ತ ಎಪ್ಪತ್ತು ದಾಟಿದಾವ್ರು. ಸ್ಟೇಡಿಯಮ್ ಈಗೂ ರಾಕ್‌ನ ಕೈಯಾಗ ಐತಿ, ಸ್ಟೇಜ್ ಮ್ಯಾಲಿನ ಮಂದಿ ಬದಲಾಗಿಲ್ಲ.

ಇಲ್ಲಿ ಒಂದು ತಕರಾರು ನಾ ನಿಮ್ಮ ಮಾಮಾನ ಜೋಡಿ ತಗೀಬೇಕು. ಜಗತ್ತ ಅಲುಗಾಡಿಸಿದ್ದು ಅಂತಾರಲ್ಲ, ಯಾರ ಜಗತ್ತು? ಬೀಟಲ್ಸ್ ಅಮೆರಿಕಾ ಗೆದ್ದ 1964ರಾಗ ಬಾಗಲಕೋಟಿ, ವಿಜಯಪುರದಾಗ ಗದ್ದುಗಿ ಮ್ಯಾಲ ಇದ್ದದ್ದು ಕಂಪನಿ ನಾಟಕದ ಹಾಡು ಮತ್ತ ರೇಡಿಯೋ ಸಿಲೋನದಾಗ ಅಮೀನ್ ಸಯಾನಿಯ ಬಿನಾಕಾ ಗೀತಮಾಲಾ. ನಮ್ಮ ದೇಶದಾಗ ರಾಕ್ ಎಂದೂ ಆಳಿಲ್ಲ, ಆಳಿದ್ದು ಸಿನಿಮಾ. 1970ರ ಹೊತ್ತಿನ ಸಿಮ್ಲಾ ಬೀಟ್ ಸ್ಪರ್ಧೆ, ಮುಂಬೈದಾಗ 1986ರಿಂದ ಇಂಡಿಪೆಂಡೆನ್ಸ್ ರಾಕ್, ಆಮ್ಯಾಲ ಬೆಂಗಳೂರಿನ ಪ್ಯಾಲೇಸ್ ಗ್ರೌಂಡ್ಸ್, ಇವೆಲ್ಲಾ ಒಂದು ಸಣ್ಣ ಪಂಗಡದ ಜಾತ್ರೆ. 2007ರ ಮಾರ್ಚ್ 17ಕ್ಕ ಐರನ್ ಮೇಡನ್ ಬೆಂಗಳೂರಿಗೆ ಬಂದಾಗ, 2011ರ ಅಕ್ಟೋಬರ್ 30ಕ್ಕ ಮೆಟಾಲಿಕಾ ಬಂದಾಗ ನಮ್ಮ ಕಡಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಹೋದ ಮಂದಿ ಇವತ್ತಿಗೂ ಅದನ್ನ ಕಾಶಿ ಯಾತ್ರಾದಂಗ ಹೇಳ್ತಾರ. ಮರುದಿನ ಊರಿಗೆ ಬಂದ್ರ ಗಣಪತಿ ಮಂಡಳಿಯಾಗ ಡಿಜೆದಾಗ ಯಾವ ಹಾಡು ಹಾಕಬೇಕು ಅಂತ ಇವ್ರನ್ನ ಯಾರೂ ಕೇಳ್ತಿರಲಿಲ್ಲ.

ಹಂಗಂತ ಇಂಗ್ಲಿಷ್ ಬಿಟ್ಟು ಬ್ಯಾರೆ ಕಡೆ ರಾಕ್ ಗದ್ದುಗಿ ಏರಿಲ್ಲ ಅಂತಲ್ಲ, ನನಗ ಈ ವಿಷಯದಾಗ ಭಾಳ ಆಸಕ್ತಿ ಇರೂದ ಇಲ್ಲಿ. ಬಾಂಗ್ಲಾದೇಶ ನೋಡು. ಎಲ್‌ಆರ್‌ಬಿ ಬ್ಯಾಂಡಿನ ಅಯೂಬ್ ಬಚ್ಚು 2018ರ ಅಕ್ಟೋಬರ್‌ದಾಗ ತೀರ್ಕೊಂಡಾಗ ಢಾಕಾದ ಶಹೀದ್ ಮಿನಾರ್ ಮುಂದ ಸಾವಿರಾರು ಮಂದಿ ಪಾಳಿ ಹಚ್ಚಿ ನಿಂತಿದ್ರು, ರಿಕ್ಷಾದವ್ರು, ಸಾಲಿ ಹುಡುಗೂರು, ಎಲ್ಲಾರೂ. ಅಂವ ಬಾರ್ಸಿದ್ದು ಗಟ್ಟಿ ರಾಕ್, ಹಾಡಿದ್ದು ಬಂಗಾಲಿ. ಇಂಡೋನೇಷ್ಯಾದಾಗ ಜೋಕೊ ವಿಡೊಡೊ ಜಕಾರ್ತಾದ ಗವರ್ನರ್ ಇದ್ದಾಗ, 2013ರಾಗ, ಮೆಟಾಲಿಕಾದ ಬಾಸಿಸ್ಟ್ ಸಹಿ ಮಾಡಿದ ಬಾಸ್ ಗಿಟಾರ್ ಕಳಿಸಿದ್ದ, ಅದು ಲಂಚದ ಲೆಕ್ಕಕ್ಕ ಬರ್ತೈತಿ ಅಂತ ಅಲ್ಲಿಯ ಭ್ರಷ್ಟಾಚಾರ ನಿಗ್ರಹದವ್ರು ಇಟ್ಕೊಂಡ್ರು, ಆಮ್ಯಾಲ ವಿಡೊಡೊ ದೇಶದ ಅಧ್ಯಕ್ಷನ ಆದ. ಅದ ದೇಶದ ಒಂದು ಹಳ್ಳಿ ಮೂರು ಹುಡುಗ್ಯಾರ ಮೆಟಲ್ ಬ್ಯಾಂಡ್ ವಾಯ್ಸ್ ಆಫ್ ಬಾಚೆಪ್ರೊತ್, ತಲಿ ಮ್ಯಾಲ ಹಿಜಾಬ್, ಬಾಯಾಗ ಸುಂದಾನಿ ಭಾಷೆ, 2024ರಾಗ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಜಾತ್ರೆಯ ಸ್ಟೇಜ್ ಏರಿದ್ರು. ಜಪಾನಿನ್ಯಾಗಂತೂ ಬ್ಯಾಂಡ್ ಈಗೂ ಮೊದಲ ಸಾಲಿನ್ಯಾಗ ಐತಿ, ಮಿಸೆಸ್ ಗ್ರೀನ್ ಆ್ಯಪಲ್ ಅನ್ನೋ ಬ್ಯಾಂಡ್ 2023, 2024 ಎರಡೂ ವರ್ಷ ಅಲ್ಲಿಯ ರೆಕಾರ್ಡ್ ಅವಾರ್ಡ್ ಒಯ್ದೈತಿ. ಈ ಎಲ್ಲಾ ಕಡೆ ಒಂದು ಮಾತು ಸಮ ಐತಿ, ತಮ್ಮ ಭಾಷೆಯಾಗ ಹಾಡ್ಯಾರ, ತಮ್ಮ ಮಂದಿ ಮುಂದ ಮೊದ್ಲ ನಿಂತಾರ. ನಮ್ಮ ದಿಲ್ಲಿಯ ಬ್ಲಡಿವುಡ್ ಸಿನಿಮಾ ಹಾಡಿಗೆ ಮೆಟಲ್ ಹಚ್ಚಿ ಯೂಟ್ಯೂಬಿನ್ಯಾಗ ತಮಾಷೆ ಮಾಡ್ಕೋತ ಸುರು ಮಾಡಿ, ಹಿಂದಿ ಪಂಜಾಬಿ ಢೋಲ್ ಸೇರಿಸಿ, 2019ರಾಗ ಜರ್ಮನಿಯ ವಾಕೆನ್ ಮೆಟಲ್ ಜಾತ್ರೆ ಮಟ ಹೋದ್ರು.

ಕನ್ನಡದಾಗ? ರಘು ದೀಕ್ಷಿತ್ ಪ್ರಾಜೆಕ್ಟ್ ಗುಡುಗುಡಿಯ ಸೇದಿ ನೋಡೋ ಅಂತ ಷರೀಫಜ್ಜನ್ನ ಗಿಟಾರ್ ಮ್ಯಾಲ ಕುಂದರಿಸಿ ಲಂಡನ್ ತನಕ ಒಯ್ದಿದ್ದು ಖರೇ, ಆದ್ರ ಹಳ್ಳಿ ಹಳ್ಳಿಗೆ ಅವ್ರ ದನಿ ಮುಟ್ಟಿದ್ದು 2008ರ ಸೈಕೋ ಸಿನಿಮಾದ ಮಾದೇಶ್ವರನ ಹಾಡಿಂದ. ಸಿನಿಮಾದ ಬಾಗಲಾ ದಾಟದ ಹೊರತು ಇಲ್ಲಿ ದಾರಿ ಇಲ್ಲ ಅಂತ ಅನಸ್ತೈತಿ. ಪೂರಾ ಹಂಗೂ ಅಲ್ಲ, ಸಿ. ಅಶ್ವತ್ಥ್ ಅವ್ರು ಅದ ಷರೀಫರನ್ನ ಕ್ಯಾಸೆಟ್ ಮತ್ತ ಸ್ಟೇಜ್ ಮ್ಯಾಲಿಂದ ಮನಿ ಮನಿಗೆ ಮುಟ್ಟಿಸಿದ್ರು. ಈಗ ನಮ್ಮ ಕಡೆ ಗದ್ದುಗಿ ಮ್ಯಾಲ ಯಾರದಾರ ಅಂದ್ರ ಯೂಟ್ಯೂಬಿನ ಜಾನಪದ ಡಿಜೆ ಹಾಡಿನವ್ರು. ಒಂದು ಕೀಬೋರ್ಡು, ಒಂದು ಮೈಕು, ಹಳ್ಳಿಯಾಗಿನ ಸಣ್ಣ ಸ್ಟುಡಿಯೋ, ಟ್ರ್ಯಾಕ್ಟರ್ ಮ್ಯಾಲೂ ಅದ, ಮದವಿ ಮೆರವಣಿಗಿಯಾಗೂ ಅದ, ಕಬ್ಬಿನ ಗಾಡಿಯಾಗೂ ಅದ. ಕೆಲವು ಹಾಡಿನ ಸಾಹಿತ್ಯ ಕೇಳಿದ್ರ ಕಿವಿ ಮುಚ್ಕೋಬೇಕು ಅನಸ್ತೈತಿ, ಅದು ಬ್ಯಾರೆ ಮಾತು. ಆದ್ರ ಸಿನಿಮಾದ ಹಂಗಿಲ್ದ, ಕಂಪನಿ ಹಂಗಿಲ್ದ, ತಮ್ಮ ಮಾತಿನ್ಯಾಗ, ತಮ್ಮ ಊರಿನ ಸುದ್ದಿ ಹೇಳ್ಯಾರ, ನಾ ಮ್ಯಾಲ ಹೇಳಿದ ಬಾಂಗ್ಲಾ ದಾರಿನ ಅದು.

ನಿನ್ನ ಕಡೀ ಪ್ರಶ್ನೆಗೆ ಬರ್ತೀನಿ. ಕವರ್ ಬಾರ್ಸೂದು ತಪ್ಪಲ್ಲ. ಬೀಟಲ್ಸ್ 1960ರಿಂದ 62ರ ಮಟ ಹ್ಯಾಂಬರ್ಗ್‌ನ ಕ್ಲಬ್ಬಿನ್ಯಾಗ ರಾತ್ರಿಗಟ್ಟಲೆ ಬಾರ್ಸಿದ್ದು ಮಂದಿ ಹಾಡ, 1963ರ ಅವ್ರ ಮೊದಲ ಅಲ್ಬಮ್ಮಿನ ಹದಿನಾಕು ಹಾಡಿನ್ಯಾಗ ಆರು ಕವರ್ ಇದ್ವು. ಆದ್ರ ಎಂಟು ಸ್ವಂತದ್ದಿದ್ವು ನೋಡು. ನೀವು ಆ ಲೆಕ್ಕಾನ ಹಿಡೀರಿ, ಆರು ಮಂದಿದು, ಎಂಟು ನಿಮ್ದು, ನಿಮ್ಮ ಮನಿ ಕನ್ನಡದಾಗ. ಮತ್ತ ದಯವಿಟ್ಟು ಇನ್ನೊಂದು ಷರೀಫರ ಫ್ಯೂಶನ್ ಮಾಡಬ್ಯಾಡ್ರಿ, ಅದನ್ನ ಮಾಡಾವ್ರು ಸಾಕಷ್ಟು ಅದಾರ. ನಿಮ್ಮ ಊರ ಅರ್ಧಾ ನೀರಾಗ ಐತಿ. ಆಲಮಟ್ಟಿ ಹಿನ್ನೀರು ಬಂದು ಹಳೇ ಬಾಗಲಕೋಟಿ ಓಣಿಗಳು ಮುಳುಗಿದ್ವು, ನವನಗರ ಕಟ್ಟಿದ್ರು, ಈಗ ಆಣೆಕಟ್ಟಿನ ಮಟ್ಟ 519.60 ಮೀಟರ್‌ದಿಂದ 524.256ಕ್ಕ ಏರಸಬೇಕಂತ ಮಾತು ನಡದೈತಿ, ಪರಿಹಾರದ ಸಂಬಂಧ ರೈತರು ಧರಣಿ ಕುಂದರ್ತಾರ. ನಿರ್ವಾನಾದವ್ರ ಕಡೆಯ ಸಿಯಾಟಲ್ ಮಳಿ ಬಗ್ಗೆ ಹಾಡೂಕಿಂತ ಇದರ ಬಗ್ಗೆ ನಿನಗ ಹೆಚ್ಚಿಗಿ ಗೊತ್ತು, ಮತ್ತ ಇದ್ರಾಗ ಸಿಟ್ಟು ಬ್ಯಾರೆ ಕಡಿಂದ ತರೂದು ಬೇಕಾಗಿಲ್ಲ.

ಡ್ರಮ್ಮರ್ ಅಂತ ನಿನಗ ಬ್ಯಾರೆ ಹೇಳೂದೈತಿ. ಕರಡಿ ಮಜಲಿನವ್ರು ಬಾರ್ಸೂದನ್ನ ಫೋನಿನ್ಯಾಗ ರೆಕಾರ್ಡ್ ಮಾಡ್ಕೊಂಡು ಬಾ, ಅವ್ರು ಲಯಾ ಹೆಂಗ ಏರಸ್ತಾರ ಅನ್ನೂದನ್ನ ನಿನ್ನ ಟಾಮ್ ಮ್ಯಾಲ ಹಚ್ಚಿ ನೋಡು, ಯೂಟ್ಯೂಬ್ ಪಾಠದಾಗ ಅದು ಸಿಗಂಗಿಲ್ಲ. ದಿನಾ ಕ್ಲಿಕ್ (ತಾಳದ ಟಿಕ್ ಟಿಕ್ ಸಪ್ಪಳ) ಕಿವ್ಯಾಗ ಇಟ್ಕೊಂಡು ರೂಢಿ ಮಾಡು. ಗಿಟಾರ್ ಹುಡುಗನಿಗೆ ಆಂಪ್ ಬಿಟ್ಟು ಪ್ರೊಸೆಸರ್ ಸೀದಾ ಮಿಕ್ಸರ್‌ಗೆ ಹಚ್ಚಾಕ ಹೇಳು, ನಿನ್ನ ಕಿಟ್ ಮೈಕ್ ನಾಕಕ್ಕ ಇಳಿಸು, ಸೌಂಡ್ ಚೆಕ್ ಇಪ್ಪತ್ತು ನಿಮಿಷದಾಗ ಮುಗಸೂದು ಕಲೀರಿ. ಇಷ್ಟ ಮಾಡಿದ್ರ ಮುಂದಿನ ಫೆಸ್ಟಿಗೆ ಡಿಜೆ ಜೋಡಿ ನಿಮ್ಮನ್ನೂ ಕರ್ಯಾಕ ಸಂಘಟಕ ಹುಡುಗ್ರು ಹಿಂದ ಮುಂದ ನೋಡಂಗಿಲ್ಲ, ಸೌಂಡ್ ಹಚ್ಚಾಂವ ಅಂತೂ ನಿಮ್ಮನ್ನ ಬೈಯಂಗಿಲ್ಲ.